ಮೊದಲು ನಿಮ್ಮ ಕಿವಿ ತೊಳ್ಕೊಳ್ಳಿ

ನಮಗೆ ಮಾತು ಬರುವುದಿಲ್ಲವಂತೆ.

ಡಿಗ್ರಿ ಮುಗಿಸಿದ ದಿನದಿಂದ ನಮ್ಮ ತಲೆಯ ಮೇಲೆ ಬೀಳುತ್ತಿರುವ ತೀರ್ಪು ಇದೊಂದೇ. ಉದ್ಯೋಗಮೇಳದಲ್ಲಿ ಟೈ ಕಟ್ಟಿಕೊಂಡು ಕೂತವರು ಇದನ್ನೇ ಹೇಳುತ್ತಾರೆ, ಮೂರು ವರ್ಷ ಪಾಠ ಹೇಳಿದವರೂ ಇದನ್ನೇ ಹೇಳುತ್ತಾರೆ: "ಸಬ್ಜೆಕ್ಟ್ ಪರವಾಗಿಲ್ಲ, ಕಮ್ಯುನಿಕೇಶನ್ ವೀಕು." ಹಾಸ್ಟೆಲ್ಲಿನ ನೀರುಸಾರು ಕುಡಿದು, ಸ್ಕಾಲರ್‌ಶಿಪ್ಪಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದು, ಬೇಸಿಗೆ ರಜೆಯಲ್ಲಿ ಕರಿಕಲ್ಲಿನ ಕ್ವಾರಿಯಲ್ಲಿ ಕೂಲಿ ಮಾಡಿ ಸಂಪಾದಿಸಿದ ಬಿ.ಎ., ಬಿ.ಕಾಂ.ಗಳು ಈ ಒಂದು ಪದದ ಮುಂದೆ ಮಕಾಡೆ ಮಲಗುತ್ತವೆ.

ಸರಿ, ಬರದಿದ್ದರೆ ಕಲಿಯೋಣ ಎಂದು ನಾವು ಐದು ಜನ ಹೊರಟೆವು. ಚಾಮರಾಜನಗರ ಜಿಲ್ಲೆಯ ಒಂದೇ ಕೇರಿಯವರು. ಮೂವರು ಗಂಡು, ಇಬ್ಬರು ಹೆಣ್ಣು. ಐವರ ಮನೆಯಲ್ಲೂ ಡಿಗ್ರಿ ಅನ್ನೋದು ನಮ್ಮಿಂದಲೇ ಸುರು. ಒಂದು ವಿಶ್ವವಿದ್ಯಾಲಯದವರು ಆನ್‌ಲೈನಿನಲ್ಲಿ ನಡೆಸುವ ವ್ಯವಹಾರ ಸಂವಹನದ ಕೋರ್ಸಿಗೆ ಹೆಸರು ಬರೆಸಿದೆವು. 12 ವಾರದ ಪಾಠ. ಐವರ ನಡುವೆ ನೆಟ್ ಸರಿಯಾಗಿ ನಡೆಯುವ ಫೋನು ಎರಡು. ಸಿಗ್ನಲ್ಲು ಸಿಗುವುದು ಊರಿನವರ ಬೀದಿಯ ನೀರಿನ ಟ್ಯಾಂಕಿನ ಹತ್ತಿರ. ರಾತ್ರಿ ಎಂಟು ಗಂಟೆಗೆ ನಾವು ಅಲ್ಲಿ ಗುಂಪುಗಟ್ಟಿ ನಿಂತರೆ "ಏನ್ರೋ ಅದು, ಸಂಘ ಕಟ್ತಿದ್ದೀರಾ?" ಎಂದು ಜಗಲಿಯ ಮೇಲಿಂದ ಕೇಳುತ್ತಿದ್ದರು. ಇದನ್ನು ನಗಾಡಲಿಕ್ಕೆ ಹೇಳುತ್ತಿಲ್ಲ. ಸರ್ಕಾರದ್ದೇ ರಾಷ್ಟ್ರೀಯ ಮಾದರಿ ಸಮೀಕ್ಷೆ 2017-18ರಲ್ಲಿ ಎಣಿಸಿದಾಗ, ಈ ದೇಶದ ಹಳ್ಳಿ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ ಸುಮಾರು 4ರಲ್ಲಿ, ಇಂಟರ್‌ನೆಟ್ ಸೌಲಭ್ಯ ಇದ್ದದ್ದು ನೂರಕ್ಕೆ ಸುಮಾರು 15ರಲ್ಲಿ. ಅದರ ಮಾರನೇ ಮೂರು ವರ್ಷದಲ್ಲೇ, 2021ರಲ್ಲಿ, ಒಂದು ಸೆಮಿಸ್ಟರಿನ ನೂರಕ್ಕೆ 40 ಭಾಗದ ಕೋರ್ಸುಗಳನ್ನು 'ಸ್ವಯಂ' ವೇದಿಕೆಯ ಆನ್‌ಲೈನ್ ಪಾಠಗಳಿಂದಲೇ ಪಡೆಯಬಹುದೆಂದು ಯುಜಿಸಿ ನಿಯಮ ಮಾಡಿತು. ಮಾಡಲಿ. ಆದರೆ ಆ ನಿಯಮ ಬರೆದ ಕೈಗೆ ನಮ್ಮ ನೀರಿನ ಟ್ಯಾಂಕಿನ ವಿಳಾಸ ಗೊತ್ತಿರಲಿಲ್ಲ.

ಮೊದಲ ವಾರದ ಪಾಠ ಒಂದು ಚಿತ್ರ. ಎಡಗಡೆ ಹೇಳುವವನು, ಬಲಗಡೆ ಕೇಳುವವನು, ನಡುವೆ ಒಂದು ಬಾಣ. ಬಾಣದ ಮೇಲೆ 'ನಾಯ್ಸ್' ಎಂಬ ಸೊಟ್ಟ ಗೆರೆ. ಇದು ಬೆಲ್ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶಾನನ್ 1948ರಲ್ಲಿ ಬರೆದ ಲೆಕ್ಕದಿಂದ ಬಂದದ್ದು. ತಂತಿಯಲ್ಲಿ ಸುದ್ದಿ ಹೋಗುವಾಗ ಎಷ್ಟು ಕೆಡುತ್ತದೆ, ಕೆಟ್ಟರೂ ಹೇಗೆ ಮುಟ್ಟಿಸಬಹುದು ಎಂಬ ಲೆಕ್ಕ. ತಂತಿಗೆ ಅದು ಸರಿಯಾದ ಲೆಕ್ಕವೇ. ಅದನ್ನೇ ಎತ್ತಿ ತಂದು ಮನುಷ್ಯರ ಮೇಲೆ ಹಾಕಿ, 'ಸಂವಹನದ ಅಡೆತಡೆಗಳು' ಎಂದು ಪಟ್ಟಿ ಕೊಟ್ಟರು: ಭೌತಿಕ ಅಡೆತಡೆ, ಭಾಷೆಯ ಅಡೆತಡೆ, ಮಾನಸಿಕ ಅಡೆತಡೆ, ಸಾಂಸ್ಕೃತಿಕ ಅಡೆತಡೆ. ಫ್ಯಾನಿನ ಸದ್ದು ಪಟ್ಟಿಯಲ್ಲಿದೆ. ಜಪಾನಿನವರು ತಲೆಬಾಗಿ ವಂದಿಸುತ್ತಾರೆ, ಅದೂ ಇದೆ. ನಾವು ಫೋನನ್ನು ಕೈಯಿಂದ ಕೈಗೆ ದಾಟಿಸಿ ಹುಡುಕಿದೆವು. ಜಾತಿ ಇಲ್ಲ. ಈ ದೇಶದಲ್ಲಿ ಕೂತು, ಈ ದೇಶದ ಮಕ್ಕಳಿಗೆ, ಒಬ್ಬ ಮನುಷ್ಯನ ಮಾತು ಇನ್ನೊಬ್ಬನಿಗೆ ಯಾಕೆ ಮುಟ್ಟೋದಿಲ್ಲ ಎಂದು 12 ವಾರ ಪಾಠ ಮಾಡುತ್ತಾರೆ, ಜಾತಿ ಎಂಬ ಎರಡಕ್ಷರ ಒಮ್ಮೆಯೂ ಬಾಯಿಂದ ಬೀಳುವುದಿಲ್ಲ. ಇದಕ್ಕಿಂತ ದೊಡ್ಡ ಕೌಶಲ ಯಾವುದಿದೆ ಸ್ವಾಮಿ?

ನಮಗೆ ಮಾತು ಬರುವುದಿಲ್ಲ ಎನ್ನುವವರು ಸ್ವಲ್ಪ ಹಿಂದಕ್ಕೆ ನೋಡಲಿ. ಈ ನಾಡಿನ ಸಂವಹನ ಇಲಾಖೆ ತಲೆತಲಾಂತರ ನಮ್ಮ ಹೆಗಲ ಮೇಲೇ ಇತ್ತು. ತಮಟೆ ಬಡಿದು ಸಾರಿದವರು ಯಾರು? ಊರಿನಲ್ಲಿ ಹೆಣ ಬಿದ್ದರೆ ಸಾವಿನ ಸುದ್ದಿ ಹೊತ್ತು ರಾತ್ರೋರಾತ್ರಿ ಹತ್ತೂರು ನಡೆದವರು ಯಾರು? ಕಂದಾಯದ ಡಂಗುರ ಹೊಡೆದವರು ಯಾರು? ಕುಳವಾಡಿ, ತೋಟಿ, ತಳವಾರ — ಇವೆಲ್ಲ ಸುದ್ದಿ ಹೊರುವ ಚಾಕರಿಗಳೇ. ನಮ್ಮಲ್ಲೊಬ್ಬನ ಮುತ್ತಜ್ಜ ನೀಲಗಾರರ ಪದ ರಾತ್ರಿಯಿಡೀ ಹಾಡುತ್ತಿದ್ದನಂತೆ, ಸಾವಿನ ಸುದ್ದಿಯನ್ನು ಮಾತ್ರ ಮೂರೇ ಮಾತಿನಲ್ಲಿ ಹೇಳುತ್ತಿದ್ದನಂತೆ: ಯಾರು, ಯಾವಾಗ, ಮಣ್ಣು ಎಷ್ಟು ಹೊತ್ತಿಗೆ. ಬಾಗಿಲಾಚೆ ನಿಂತು, ದನಿಯೆತ್ತಿ. ಇವರ ಪಾಠದ ನಾಲ್ಕನೇ ವಾರದಲ್ಲಿ ಬರುವ ಸ್ಪಷ್ಟತೆ, ಸಂಕ್ಷಿಪ್ತತೆ, ಸಂಪೂರ್ಣತೆ ಎಂಬ ಏಳು ಗುಣಗಳಲ್ಲಿ ಆರು ಆ ಮೂರು ಮಾತಿನಲ್ಲಿದ್ದವು. ಏಳನೆಯದು ಸೌಜನ್ಯ. ಅದನ್ನು ಕೇಳುವವನು ತೋರಿಸಬೇಕಿತ್ತು; ಅವನು ಕೂಲಿಯ ರಾಗಿಯನ್ನು ಮೇಲಿಂದ ಮಡಿಲಿಗೆ ಸುರಿಯುತ್ತಿದ್ದ. 1961ರ ಕಾಯ್ದೆಯಲ್ಲಿ ಈ ವಂಶಪಾರಂಪರ್ಯ ಗ್ರಾಮ ಚಾಕರಿಗಳು ರದ್ದಾದವು. ಚಾಕರಿ ಹೋಯಿತು, ಒಂದು ನೆನಪು ಉಳಿಯಿತು: ಎಲ್ಲರ ಸುದ್ದಿಯನ್ನೂ ನಾವು ಸಾರಿದೆವು, ನಮ್ಮ ಸುದ್ದಿಯನ್ನು ಸಾರಲು ತಮಟೆ ಎತ್ತಿದ ದಿನ ಮಾತ್ರ ಊರಿಗೆ ಕೋಪ ಬಂತು.

ಐದನೇ ವಾರ 'ದೂರದ ಶಾಸ್ತ್ರ'. ಎಡ್ವರ್ಡ್ ಹಾಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ 1966ರ ಪುಸ್ತಕದಲ್ಲಿ ಅಳೆದು ಹೇಳಿದ್ದಾನೆ. ಆಪ್ತರ ನಡುವೆ 18 ಇಂಚಿನವರೆಗೆ, ಸ್ನೇಹಿತರ ನಡುವೆ ಒಂದೂವರೆಯಿಂದ 4 ಅಡಿ, ವ್ಯವಹಾರದವರ ನಡುವೆ 4ರಿಂದ 12 ಅಡಿ, ಸಭೆಗೆ 12ರ ಆಚೆ. ಮೇಡಮ್ಮು ಬಹಳ ಚೆನ್ನಾಗಿಯೇ ವಿವರಿಸಿದರು, ಸುಳ್ಳು ಹೇಳಬಾರದು. ಟ್ಯಾಂಕಿನ ಕೆಳಗೆ ನಿಂತಿದ್ದ ನಮಗೆ ನಗು ತಡೆಯಲಾಗಲಿಲ್ಲ. ಅಳತೆಯಲ್ಲಿ ನಾವು ಈ ಶಾಸ್ತ್ರದ ಪಿ.ಎಚ್‌ಡಿ.ಗಳು! ಯಾರ ಬಾವಿಯಿಂದ ಎಷ್ಟು ಅಡಿ, ಯಾವ ದೇವರ ಗುಡಿಯಿಂದ ಎಷ್ಟು ಮಾರು, ಹೋಟೆಲ್ಲಿನ ಯಾವ ಗೋಡೆಯ ಹತ್ತಿರ ನಮ್ಮ ಲೋಟ — ಇದನ್ನು ಟೇಪು ಹಿಡಿಯದೆ ಹೇಳುವುದು ನಮ್ಮಜ್ಜಿಗೆ ಗೊತ್ತಿತ್ತು. ಅಳತೆ ತಪ್ಪಿದರೆ ಹಾಲ್ ಸಾಹೇಬನ ಲೋಕದಲ್ಲಿ ಎದುರಿನವರಿಗೆ 'ಮುಜುಗರ' ಆಗುತ್ತದೆ. ನಮ್ಮ ಲೋಕದಲ್ಲಿ ಏನಾಗುತ್ತದೆ ಎಂದು ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವಾರ 'ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ' ಎಂಬ ಪಾಠ. ಎದೆಯೆತ್ತಿ ಕೂರಿ, ಕೈ ಕಟ್ಟಬೇಡಿ, ಕೈ ಕಟ್ಟಿದರೆ ಆತ್ಮವಿಶ್ವಾಸವಿಲ್ಲ ಎಂದರ್ಥ. ನಮ್ಮಪ್ಪಂದಿರು ಕೈ ಕಟ್ಟಿದ್ದು ಆತ್ಮವಿಶ್ವಾಸ ಇಲ್ಲದೆಯೋ? ಕಟ್ಟದಿದ್ದರೆ ಕೂಲಿ ಇಲ್ಲ, ಕಣ್ಣೆತ್ತಿದರೆ ಬೆನ್ನು ಇಲ್ಲ. ಶತಮಾನಗಳ ಕಾಲ ಬಡಿದು ಬಡಿದು ಬಗ್ಗಿಸಿದ ಬೆನ್ನನ್ನು ತೋರಿಸಿ 'ನಿಮ್ಮ ಬಾಡಿ ಲ್ಯಾಂಗ್ವೇಜು ಸರಿಯಿಲ್ಲ' ಎನ್ನುವುದಕ್ಕೆ ಎಂಥ ನಾಲಿಗೆ ಬೇಕು!

ಮಾತಿನಲ್ಲಿ ಪದಕ್ಕೆ ನೂರಕ್ಕೆ 7 ಬೆಲೆ, ದನಿಗೆ 38, ಮುಖಭಾವಕ್ಕೆ 55 ಎಂದೂ ಹೇಳಿಕೊಟ್ಟರು. ಪರೀಕ್ಷೆಯಲ್ಲೂ ಕೇಳಿದರು. ನಮ್ಮಲ್ಲೊಬ್ಬ ಇದರ ಬೆನ್ನು ಹತ್ತಿ ಓದಿದ. ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞ 1967ರಲ್ಲಿ ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೋ ತೋರಿಸಿ, ಹೇಳಿದವರಿಗೆ ಇಷ್ಟವೋ ಅನಿಷ್ಟವೋ ಊಹಿಸಿ ಎಂದು ಮಾಡಿದ ಪ್ರಯೋಗದಿಂದ ಬಂದ ಅಂಕಿ ಅದು. ಭಾವನೆ, ಒಲವುಗಳ ಮಾತಿಗೆ ಬಿಟ್ಟು ಬೇರೆ ಮಾತಿಗೆ ಇದನ್ನು ಅನ್ವಯಿಸಬೇಡಿ ಎಂದು ಆತನೇ ಹೇಳಿದ್ದಾನೆ. ಆದರೂ ದೇಶದ ತುಂಬ ಇದು ಮಂತ್ರದ ಹಾಗೆ ಪಠಣವಾಗುತ್ತಿದೆ. ಯಾಕೆ? ಹೇಳಿದ್ದೇನು ಅನ್ನೋದಕ್ಕೆ 7, ಹೇಳಿದವನ ಮುಖಕ್ಕೆ 55! ಈ ಲೆಕ್ಕ ಯಾರಿಗೆ ಲಾಭ ಎಂದು ಯೋಚಿಸಿ ನೋಡಿ ಗೆಳೆಯರೇ. ಮುಖ ನೋಡಿ ಮಣೆ ಹಾಕುವ ಹಳೇ ಪದ್ಧತಿಗೆ ಅಮೆರಿಕದ ಮುದ್ರೆ ಸಿಕ್ಕಂತಾಯಿತು.

'ಸಾಫ್ಟ್ ಸ್ಕಿಲ್' ಎಂಬ ಈ ಮೆದು ಪದ ಹುಟ್ಟಿದ್ದೂ ಕೂಡ ಮೆದು ಜಾಗದಲ್ಲಲ್ಲ, ಅಮೆರಿಕದ ಸೈನ್ಯದಲ್ಲಿ. ಅದರ ಮೇಲೆ ಅವರು 1972ರಲ್ಲಿ ಒಂದು ಸಮ್ಮೇಳನವನ್ನೇ ಮಾಡಿದರು. ಯಂತ್ರ ಮುಟ್ಟಿ ಮಾಡುವ ಕೆಲಸ ಗಟ್ಟಿ ಕೌಶಲ, ಜನರನ್ನು ನಡೆಸುವ ಕೆಲಸ ಮೆದು ಕೌಶಲ. ಕಲ್ಲು ಒಡೆಯುವವರಿಗೆ, ಚರ್ಮ ಹದ ಮಾಡುವವರಿಗೆ, ಮಲದ ಗುಂಡಿಗೆ ಇಳಿಯುವವರಿಗೆ ಇದು ಹೊಸ ವಿಂಗಡಣೆ ಏನಲ್ಲ. ಗಟ್ಟಿ ಎಲ್ಲ ನಮಗೆ, ಮೆದು ಎಲ್ಲ ಅವರಿಗೆ.

ಎಂಟನೇ ವಾರ ಉಚ್ಚಾರಣೆ. ಅಲ್ಲಿ ಒಂದು ರೋಗದ ಹೆಸರು ಕಲಿತೆವು: ಎಂ.ಟಿ.ಐ. ಮದರ್ ಟಂಗ್ ಇನ್‌ಫ್ಲುಯೆನ್ಸ್. ಅಂದರೆ ತಾಯಿಯ ನುಡಿ ನಾಲಿಗೆಗೆ ಅಂಟಿಕೊಂಡಿರುವುದು. ಬೆಂಗಳೂರಿನ ಒಂದು ಕಾಲ್‌ಸೆಂಟರಿಗೆ ಹೋದ ನಮ್ಮ ಹುಡುಗಿಯ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ 'ಹೆವಿ ಎಂ.ಟಿ.ಐ.' ಎಂದು ಬರೆದು ಕಳಿಸಿದ್ದರು. ಅವಳ ತಾಯಿ ಕೇಳಿದಳು: "ಅದೇನ್ ಮಗ ಕಾಯ್ಲೆ?" "ನೀನೇ ಕಣವ್ವ ಕಾಯ್ಲೆ" ಎಂದು ಇವಳು ನಕ್ಕಳು, ಆಮೇಲೆ ಅತ್ತಳು.

ಆದರೆ ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ನಾಲಿಗೆಗೆ ಮೊದಲು ಬರೆ ಹಾಕಿದ್ದು ಇಂಗ್ಲಿಷ್ ಅಲ್ಲ. ಪ್ರೈಮರಿ ಸ್ಕೂಲಿನಲ್ಲಿ 'ಹಾಲು' ಎನ್ನಲು 'ಆಲು' ಎಂದದ್ದಕ್ಕೆ, 'ಹಸು' ಎನ್ನಲು 'ಅಸ' ಎಂದದ್ದಕ್ಕೆ ಇಡೀ ತರಗತಿಯನ್ನು ನಮ್ಮ ಮೇಲೆ ನಗಿಸಿದ್ದು ಶುದ್ಧ ಕನ್ನಡ. ಪದ್ಯ ವಾಚನಕ್ಕೆ ನಮ್ಮನ್ನು ನಿಲ್ಲಿಸದೆ ಕಸಪೊರಕೆ ಕೊಟ್ಟು ಕಳಿಸಿದ್ದು ಶುದ್ಧ ಕನ್ನಡ. ಅದೇ ನಂಜನಗೂಡು ಸೀಮೆಯ 'ಅಶುದ್ಧ' ಮಾತಿನಲ್ಲಿ ದೇವನೂರ ಮಹಾದೇವ 1984ರಲ್ಲಿ ಕುಸುಮಬಾಲೆ ತಂದರು, 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮೂರ ಶಾಲೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಮೇಷ್ಟ್ರುಗಳೇ, ನಿಮ್ಮಲ್ಲಿ ಎಷ್ಟೋ ಜನ ನಮ್ಮವರೇ ಇದ್ದೀರಿ. 'ಅಸ' ಎಂದ ಮಗುವಿನ ಮೇಲೆ ನೀವೂ ಬೆತ್ತ ಎತ್ತುತ್ತಿದ್ದೀರಾ, ನೋಡಿಕೊಳ್ಳಿ.

ಈಗ ಕಾಗದದ ವಿಷಯಕ್ಕೆ ಬರೋಣ. ಉದ್ಯೋಗದ ಅರ್ಜಿ ಬರೆಯುವುದೇ ಈ ವಿದ್ಯೆಯ ಜೀವಾಳ. ಎರಡು ವಾರ ಅದೇ. ಮೊದಲ ಸಾಲು ಹೇಗಿರಬೇಕು, ಬಯೋಡಾಟಾ ಎಷ್ಟು ಪುಟ, ವಿಷಯ ಎಲ್ಲಿ, ಸಹಿ ಎಲ್ಲಿ. ಚೆನ್ನಾಗಿ ಬರೆದರೆ ಕರೆ ಬರುತ್ತದೆ, ಬರದಿದ್ದರೆ ಬರವಣಿಗೆ ತಪ್ಪು, ಇದು ಅವರ ವಾದ. ಇದಕ್ಕೆ ಉತ್ತರ ಆಗಲೇ ಬಂದುಹೋಗಿದೆ. ಸುಖದೇವ ಥೋರಟ್ ಮತ್ತು ಪಾಲ್ ಅಟ್ವೆಲ್ ಎಂಬಿಬ್ಬರು ಮಾಡಿದ ಕೆಲಸವನ್ನು ಪ್ರತಿ ಹಾಸ್ಟೆಲ್ಲಿನ ಗೋಡೆಯ ಮೇಲೂ ಬರೆಯಬೇಕು. 2005ರ ಅಕ್ಟೋಬರಿನಿಂದ 66 ವಾರ ಅವರು ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕೆಲಸದ 548 ಜಾಹೀರಾತುಗಳಿಗೆ 4,808 ಅರ್ಜಿ ಹಾಕಿದರು. ಅದೇ ಓದು, ಅದೇ ಅನುಭವ, ಅದೇ ಒಳ್ಳೆಯ ಇಂಗ್ಲಿಷ್ ಕಾಗದ. ಬದಲಾದದ್ದು ಹೆಸರು ಮಾತ್ರ: ಒಂದು ಮೇಲ್ಜಾತಿಯದು, ಒಂದು ದಲಿತರದು, ಒಂದು ಮುಸ್ಲಿಮರದು. ಫಲಿತಾಂಶ 2007ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಅಚ್ಚಾಯಿತು. ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆಯ ಪ್ರಮಾಣ ಮೇಲ್ಜಾತಿ ಹೆಸರಿಗೆ 1 ಎಂದರೆ ದಲಿತ ಹೆಸರಿಗೆ 0.67. ಮುಸ್ಲಿಂ ಹೆಸರಿಗೆ 0.33.

ಇನ್ನೊಮ್ಮೆ ಓದಿ. ಅಲ್ಲಿ ಬಾಡಿ ಲ್ಯಾಂಗ್ವೇಜಿಲ್ಲ. ಎಂ.ಟಿ.ಐ. ಇಲ್ಲ. ಅರ್ಜಿಗಳೆಲ್ಲ ಒಂದೇ ತೂಕದವು, ಒಂದಕ್ಕೂ ಕಮ್ಯುನಿಕೇಶನ್ ವೀಕಿರಲಿಲ್ಲ. ಓದುವವನ ಕಣ್ಣು ಹೆಸರಿನ ಮೇಲೆ ನಿಂತಿತು, ಕಾಗದ ಕೆಳಗೆ ಬಿತ್ತು. ಈ ಬಾಣದ ಚಿತ್ರದಲ್ಲಿ ಬಲಗಡೆ ನಿಂತಿರುವ ಮಹಾಶಯನಿಗೆ ಯಾವ ಕೋರ್ಸು? ಎಷ್ಟು ವಾರ? ಅವನಿಗೆ ಫೀಸೆಷ್ಟು?

ಅದೇ ವರ್ಷ ಅದೇ ಪತ್ರಿಕೆಯಲ್ಲಿ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಬರೆದದ್ದೂ ಇದೆ. ದೆಹಲಿ ಕಡೆಯ ಕಂಪನಿಗಳ ನೇಮಕಾತಿ ಅಧಿಕಾರಿಗಳು ಜಾತಿ ಎನ್ನುವುದೇ ಇಲ್ಲ, ಮೆರಿಟ್ಟೊಂದೇ ಎನ್ನುತ್ತಾರೆ. ಮರುಕ್ಷಣವೇ 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ಕೇಳುವುದು ಬಹಳ ಮುಖ್ಯ ಎನ್ನುತ್ತಾರೆ. ನಮ್ಮ ಅನುಭವವೂ ಅದೇ. ಬೆಂಗಳೂರಿನ ಒಂದು ಕಂಪನಿಯಲ್ಲಿ ನಮ್ಮ ಬಿ.ಕಾಂ. ಹುಡುಗನಿಗೆ ಲೆಕ್ಕದ ಪ್ರಶ್ನೆ ಎರಡು, ಮನೆಯ ಪ್ರಶ್ನೆ ಆರು. ತಂದೆ ಏನ್ಮಾಡ್ತಾರೆ? ಜಮೀನು ಎಷ್ಟಿದೆ? ಊರಲ್ಲಿ ಯಾವ ಬೀದಿ? ಮನೇಲಿ ವೆಜ್ಜಾ, ನಾನ್‌ವೆಜ್ಜಾ? ಇವನು ಕೋರ್ಸಿನಲ್ಲಿ ಕಲಿತ ಹಾಗೆ ಕಣ್ಣಲ್ಲಿ ಕಣ್ಣಿಟ್ಟು, ನಗುಮುಖದಿಂದ, ಪೂರ್ತಿ ವಾಕ್ಯದಲ್ಲಿ ಸತ್ಯ ಹೇಳಿದ. 'ತಿಳಿಸುತ್ತೇವೆ' ಎಂದರು. ತಿಳಿಸಲಿಲ್ಲ. ಆದರೂ ತಿಳಿಯಿತು.

ಬಾಬಾಸಾಹೇಬರಿಗೆ ಕಮ್ಯುನಿಕೇಶನ್ ವೀಕಿತ್ತೇ? ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದವರಿಗೆ ಕಚೇರಿಯ ಜವಾನರು ಫೈಲುಗಳನ್ನು ದೂರದಿಂದ ಮೇಜಿನ ಮೇಲೆ ಎಸೆಯುತ್ತಿದ್ದರೆಂದು ಅವರ ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ. ಇರಲು ಊರಲ್ಲಿ ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದವರು ಹೊರಹಾಕಿದರು, ಅದನ್ನು ಅವರೇ ಬರೆದಿಟ್ಟಿದ್ದಾರೆ. ಮುಂಬೈಗೆ ಬಂದು ಷೇರು ವ್ಯವಹಾರದವರಿಗೆ ಸಲಹೆ ಕೊಡುವ ಕಚೇರಿ ತೆರೆದರೆ, ಜಾತಿ ತಿಳಿದ ಮೇಲೆ ಗಿರಾಕಿಗಳು ಮೆಟ್ಟಿಲು ಹತ್ತಲಿಲ್ಲ. 1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರಾದರೆ, ಜೊತೆಯವರಿಗೆ ನೀರಿನ ಹೂಜಿಯದೇ ಚಿಂತೆ. ವ್ಯವಹಾರ, ಕಚೇರಿ, ಸಹೋದ್ಯೋಗಿ, ಗಿರಾಕಿ — ಈ ಕೋರ್ಸಿನ ನಾಲ್ಕು ಅಧ್ಯಾಯಗಳೂ ಇದರಲ್ಲಿ ಮುಗಿದವು.

ಇಷ್ಟೆಲ್ಲ ಬೈದ ಮೇಲೆ ಕೋರ್ಸನ್ನು ಬಿಟ್ಟಿರಿ ತಾನೇ ಎಂದು ಕೇಳುತ್ತೀರಿ. ಬಿಡಲಿಲ್ಲ. ಬಿಡುವುದೂ ಇಲ್ಲ. ಇಲ್ಲಿ ನಮ್ಮ ಜಗಳ ನಮ್ಮವರೊಂದಿಗೇ.

ಚಳವಳಿಯ ಕೆಲವು ಹಿರಿಯರು ನಮ್ಮನ್ನು ಕಂಡು ನಕ್ಕರು. "ಬಂಡವಾಳಶಾಹಿಗೆ ಸಲಾಮು ಹೊಡೆಯೋದನ್ನ ಇಂಗ್ಲಿಷಲ್ಲಿ ಕಲೀತಿದ್ದೀರೇನ್ರೋ? ಕ್ರಾಂತಿಗೀತೆ ಬರೆಯೋ ಕೈಯಲ್ಲಿ ಕವರಿಂಗ್ ಲೆಟರಾ?" ಎಂದರು. ಹಿರಿಯರ ಮೇಲೆ ನಮಗೆ ಗೌರವವಿದೆ. ಅವರು ಹಾಡಿದ ಹಾಡು ಕೇಳಿಯೇ ನಾವು ಸ್ಲೇಟು ಹಿಡಿದದ್ದು. ಆದರೆ ಅಣ್ಣಂದಿರೇ, ನಿಮ್ಮ ಮಕ್ಕಳು ಯಾವ ಶಾಲೆಯಲ್ಲಿ ಓದಿದರು? ಮೈಸೂರು, ಬೆಂಗಳೂರಿನ ಕಾನ್ವೆಂಟಿನಲ್ಲಿ. ನಾವು ಬೇಡ ಎನ್ನಲಿಲ್ಲ, ಸಂತೋಷಪಟ್ಟೆವು. ನಮ್ಮ ಸರದಿ ಬಂದಾಗ ಮಾತ್ರ ಇಂಗ್ಲಿಷು ಗುಲಾಮಗಿರಿ ಆಗಿಬಿಡುವುದು ಹೇಗೆ? 1973ರಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಮೈಸೂರಿನಲ್ಲಿ ನಿಂತು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ, ಇಂಗ್ಲಿಷ್ ಕಲಿಯಿರಿ ಎಂದಾಗ ಊರೂರಲ್ಲಿ ಗಲಾಟೆಯೆದ್ದು, ಹಾಸ್ಟೆಲ್ ಹುಡುಗರು ಏಟು ತಿಂದು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಏಟಿನಿಂದಲೇ ಈ ಚಳವಳಿ ಹುಟ್ಟಿದ್ದು ಎಂದು ನಮಗೆ ಪಾಠ ಹೇಳಿದವರು ನೀವೇ. ಅವರು ಹೇಳಿದ್ದರಲ್ಲಿ ಅರ್ಧ ನೆನಪಿಟ್ಟುಕೊಂಡಿರಿ, ಇನ್ನರ್ಧ ಎಲ್ಲಿ ಹೋಯಿತು? ಅದಕ್ಕೂ ಮುಂಚೆ, 1854ರಲ್ಲೇ, ಸಾವಿತ್ರಿಬಾಯಿ ಫುಲೆ ತಮ್ಮ ಕಾವ್ಯಫುಲೆ ಸಂಕಲನದಲ್ಲಿ ಇಂಗ್ಲಿಷನ್ನು ತಾಯಿ ಎಂದು ಕರೆದು ಪದ್ಯ ಬರೆದರು. 2010ರಲ್ಲಿ ಉತ್ತರ ಪ್ರದೇಶದ ಲಖಿಂಪುರ ಖೇರಿ ಜಿಲ್ಲೆಯ ಬಂಕಾ ಹಳ್ಳಿಯಲ್ಲಿ ನಮ್ಮ ಜನ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಕಲ್ಲಿಟ್ಟರು. ಗುಡಿಯ ವಿಚಾರ ನಮಗೆ ಒಪ್ಪಿಗೆಯಿಲ್ಲ. ಇನ್ನೊಂದು ದೇವಿ, ಇನ್ನೊಂದು ಪೂಜಾರಿ ಯಾಕೆ ಬೇಕು? ಆದರೆ ಹಸಿವು ಯಾವುದೆಂದು ಗೊತ್ತಾಗುತ್ತದೆ.

ಆಯುಧವನ್ನು ಕಿತ್ಕೊಬೇಕು, ಆಯುಧ ಕೊಟ್ಟವನ ಕಥೆಯನ್ನಲ್ಲ. ನಾವು ಆ 12 ವಾರದಿಂದ ಕಿತ್ತುಕೊಂಡದ್ದು ಏನೆಂದು ಹೇಳುತ್ತೇವೆ.

ಒಂದು, ಮಿನಿಟ್ಸ್. ಕನ್ನಡದಲ್ಲಿ ನಡಾವಳಿ. ಸಭೆಯಲ್ಲಿ ಯಾರು ಬಂದರು, ಏನು ಮಾತಾಡಿದರು, ಏನು ತೀರ್ಮಾನ, ಯಾರ ಜವಾಬ್ದಾರಿ, ಯಾವ ತಾರೀಕಿನೊಳಗೆ. ಮೇಡಮ್ಮಿಗೆ ಇದು ಕಂಪನಿಯ ಬೋರ್ಡ್ ಮೀಟಿಂಗಿನ ಮಾತು. ನಮಗೆ ಥಟ್ಟನೆ ಹೊಳೆದದ್ದು ಗ್ರಾಮಸಭೆ. ಪಂಚಾಯ್ತಿಯಲ್ಲಿ ಇಷ್ಟು ವರ್ಷ ನಡೆದದ್ದೇನು? ನಮ್ಮವ್ವಂದಿರ ಹೆಬ್ಬೆಟ್ಟು ಮೊದಲು, ಬರಹ ಆಮೇಲೆ. ಖಾಲಿ ಪುಟಕ್ಕೆ ಸಹಿ. ಮನೆ ಯಾರಿಗೆ, ಚರಂಡಿ ಯಾವ ಬೀದಿಗೆ ಎಂದು ತೀರ್ಮಾನವಾಗುವುದು ಸಭೆಯಲ್ಲಲ್ಲ, ಆ ಪುಸ್ತಕದಲ್ಲಿ. ಕಳೆದ ಗ್ರಾಮಸಭೆಗೆ ನಾವು ನಮ್ಮದೇ ನೋಟುಪುಸ್ತಕ ಒಯ್ದು ಕೂತು ಬರೆದುಕೊಂಡೆವು. ಕೊನೆಗೆ "ನಮ್ಮದನ್ನೂ ನಿಮ್ಮದನ್ನೂ ಹೋಲಿಸಿ ಓದ್ಬುಡಿ ಸಾ, ಎಲ್ಲರಿಗೂ ಕೇಳೋ ಹಂಗೆ" ಎಂದೆವು. ಅವತ್ತು ಮೊದಲ ಸಲ ಪುಸ್ತಕ ಸಭೆಯಲ್ಲೇ ತುಂಬಿತು. ಒಂದು ಪ್ಲಾಸ್ಟಿಕ್ ಪೆನ್ನಿಗೆ ಅಷ್ಟು ಭಯಪಟ್ಟವರನ್ನು ನಾವು ನೋಡಿರಲಿಲ್ಲ.

ಇನ್ನೊಂದು, ಚಿಕ್ಕದಾಗಿ ಬರೆಯುವುದು. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು. 10 ರೂಪಾಯಿ ಫೀಸು, ಆಯಾ ಪ್ರದೇಶದ ಆಡಳಿತ ಭಾಷೆಯಲ್ಲೇ ಅರ್ಜಿ ಕೊಡಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಆದರೆ ನಮ್ಮ ರಾಜ್ಯದ ನಿಯಮಕ್ಕೆ 2008ರಲ್ಲಿ ಒಂದು ಬಾಲ ಸೇರಿಸಿದರು: ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಹಕ್ಕು ಕೊಟ್ಟ ಕೈಯಲ್ಲೇ ಕತ್ತರಿ. ತಾಲ್ಲೂಕು ಕಚೇರಿ ಮುಂದೆ ಕೂತ ಅರ್ಜಿ ಬರೆಯುವವರು 'ಮಾನ್ಯರಾದ ತಮ್ಮ ಸನ್ನಿಧಾನದಲ್ಲಿ ಬಡವನಾದ ನಾನು ಬೇಡಿಕೊಳ್ಳುವುದೇನೆಂದರೆ' ಎಂದು ಸುರುಮಾಡಿದರೆ 150ರಲ್ಲಿ ಕಾಲು ಭಾಗ ಕಾಲಿಗೆ ಬೀಳುವುದರಲ್ಲೇ ಮುಗಿಯುತ್ತದೆ. ಕೋರ್ಸಿನ ಒಂದು ಮಾತು ನಮಗೆ ಅಲ್ಲಿ ಉಪಯೋಗಕ್ಕೆ ಬಂತು: ಬೇಕಾದ್ದನ್ನು ಮೊದಲ ಸಾಲಲ್ಲೇ ಕೇಳಿ. ಬೇಡಿಕೊಳ್ಳುವ ಕ್ರಿಯಾಪದವನ್ನು ನಾವು ಅರ್ಜಿಯಿಂದ ಕಿತ್ತುಹಾಕಿದೆವು.

ದೂರಿನ ವಿಷಯಕ್ಕೂ ಇದು ಸಲ್ಲುತ್ತದೆ. ದೌರ್ಜನ್ಯ ತಡೆ ಕಾಯ್ದೆ 1989ರದು. ಅದರ 4ನೇ ಕಲಮಿಗೆ 2015ರಲ್ಲಿ ಮಾಡಿದ ತಿದ್ದುಪಡಿಯನ್ನು ಎಷ್ಟು ಜನ ಓದಿದ್ದೀರಿ? ಬಾಯಲ್ಲಿ ಹೇಳಿದ ದೂರನ್ನು ಅಧಿಕಾರಿ ಬರೆದುಕೊಂಡ ಮೇಲೆ, ಸಹಿ ಹಾಕಿಸುವ ಮುಂಚೆ, ಹೇಳಿದವರಿಗೆ ಓದಿ ಹೇಳಬೇಕು. ಅದು ಅವರ ಕರ್ತವ್ಯ. ಕೇಳುವವನ ಮೇಲೆ ಕೇಳುವ ಹೊಣೆ ಹೊರಿಸಿದ ಇಂಥ ಒಂದು ಸಾಲು ನಮಗೆ ಆ 12 ವಾರದಲ್ಲಿ ಎಲ್ಲೂ ಸಿಗಲಿಲ್ಲ, ಕಾಯ್ದೆಯಲ್ಲಿ ಸಿಕ್ಕಿತು.

ಪರೀಕ್ಷೆಯದೊಂದು ಕಥೆ. ಬರೆಯುವುದನ್ನು, ಮಾತಾಡುವುದನ್ನು ಕಲಿಸುವ ಕೋರ್ಸಿಗೆ ಕೊನೆಯ ಪರೀಕ್ಷೆಯಲ್ಲಿ ಒಂದು ಸಾಲು ಬರೆಯಲಿಕ್ಕಿಲ್ಲ, ಒಂದು ಮಾತು ಆಡಲಿಕ್ಕಿಲ್ಲ. ನಾಲ್ಕರಲ್ಲಿ ಒಂದಕ್ಕೆ ಗುರುತು ಹಾಕುವುದು. ಪಾಠ ಪುಕ್ಕಟೆ, ಪರೀಕ್ಷೆಗೆ ದುಡ್ಡು, ಕೇಂದ್ರ ಮೈಸೂರಿನಲ್ಲಿ. ಬಸ್ಸು, ಊಟ, ಒಂದು ದಿನದ ಕೂಲಿ ಸೇರಿಸಿ ಲೆಕ್ಕ ಹಾಕಿ. ಐದರಲ್ಲಿ ಮೂವರು ಹೋದೆವು, ಇಬ್ಬರು ಪಾಸಾದೆವು. ಆ ಹೆವಿ ಎಂ.ಟಿ.ಐ. ಹುಡುಗಿಗೆ ನಮ್ಮೆಲ್ಲರಿಗಿಂತ ಹೆಚ್ಚು ಅಂಕ ಬರಬೇಕಿತ್ತು, ಅವಳು ಅವತ್ತು ಹೋಗಲಿಲ್ಲ, ದುಡ್ಡಿರಲಿಲ್ಲ. ನಮಗೆ ಬೇಕಾದ್ದೇನು ಎಂದರೆ ದೊಡ್ಡದೇನಲ್ಲ: ಈ ಪಾಠ ಕನ್ನಡದಲ್ಲೂ ಬರಲಿ, ಪರೀಕ್ಷೆ ತಾಲ್ಲೂಕಿನಲ್ಲೇ ನಡೆಯಲಿ, ಪರಿಶಿಷ್ಟರ ಮಕ್ಕಳಿಗೆ ಪರೀಕ್ಷೆಯ ಫೀಸು ಪೂರ್ತಿ ಬಿಡಲಿ, ಅಡೆತಡೆಗಳ ಪಟ್ಟಿಯಲ್ಲಿ ಜಾತಿಯನ್ನು ಮೊದಲನೇ ನಂಬರಿಗೆ ಹಾಕಲಿ. ಮತ್ತೆ, ನೇಮಕಾತಿ ಮಾಡುವವರು ಕುರ್ಚಿಯಲ್ಲಿ ಕೂರುವ ಮುಂಚೆ ಇದೇ ಪಾಠ ಕೇಳಿ ಇದೇ ಪರೀಕ್ಷೆ ಬರೆಯಲಿ. ಅವರ ಸೆಂಟರು ನಮ್ಮೂರಲ್ಲಿ, ನೀರಿನ ಟ್ಯಾಂಕಿನ ಕೆಳಗೆ, ರಾತ್ರಿ ಎಂಟು ಗಂಟೆಗೆ ಇರಲಿ.

ಕೋರ್ಸಿನ ಕೊನೆಯ ಅಭ್ಯಾಸ 'ದೂರು ಪತ್ರ' ಬರೆಯುವುದಾಗಿತ್ತು. ಕೊಂಡ ಮಿಕ್ಸಿ ಕೆಟ್ಟಿದೆ, ಅಂಗಡಿಯವನಿಗೆ ಬರೆಯಿರಿ. ನಮ್ಮಲ್ಲಿ ಯಾರ ಮನೆಯ ಮಿಕ್ಸಿಯೂ ಕೆಟ್ಟಿರಲಿಲ್ಲ. ಕೇರಿಯ ನಲ್ಲಿಗಳಲ್ಲಿ ನೀರು ಬರುತ್ತಿರಲಿಲ್ಲ. ಕೈಚಾಚಿದರೆ ಟ್ಯಾಂಕು, ಕೊಳಾಯಿ ಮಾತ್ರ ಒಣಗಿದ್ದು. ಪಂಚಾಯ್ತಿಯ ಮಾಹಿತಿ ಅಧಿಕಾರಿಗೆ ಬರೆಯಲು ಕೂತೆವು. ಬರೆದವಳು ಆ ಹುಡುಗಿ. ನಮ್ಮ ಕೇರಿಯಲ್ಲಿ ಎಷ್ಟು ಮನೆಗೆ ನಲ್ಲಿ ಕೊಟ್ಟಿರುವುದಾಗಿ ದಾಖಲೆಯಲ್ಲಿದೆ, ಬಿಲ್ಲಿನ ನಕಲು ಕೊಡಿ ಎಂದು ಬರೆದು ಅಂಬೇಡ್ಕರ್ ಭವನದ ಜಗಲಿಯಲ್ಲಿ ಎಲ್ಲರಿಗೂ ಓದಿ ಹೇಳಿದಳು. ಅವಳವ್ವ ಕೇಳಿಸಿಕೊಂಡು ಅಂದಳು: "ನಲ್ಲಿ ಅದಾ ಅಂತ ಕೇಳಿದ್ದೀ. ನೀರ್ ಬುಟ್ಟಿದ್ರಾ ಅಂತ ಕೇಳ್ನಿಲ್ವಲ್ಲ ಮಗ." ಕಳೆದ ಆರು ತಿಂಗಳಲ್ಲಿ ಯಾವ ದಿನ, ಯಾವ ಬೀದಿಗೆ, ಎಷ್ಟು ಹೊತ್ತು ನೀರು ಬಿಟ್ಟಿರಿ, ಆ ಪುಸ್ತಕದ ನಕಲು ಕೊಡಿ ಎಂದು ಸೇರಿಸಿದೆವು. ಎಣಿಸಿದರೆ 131 ಪದ.

ಸೀಲು ಹಾಕಿಸಿಕೊಂಡು, ಸ್ವೀಕೃತಿ ಪಡೆದು ಇವತ್ತಿಗೆ 22 ದಿನ. 31ನೇ ದಿನದ ಬೆಳಿಗ್ಗೆ ಕೊಡಬೇಕಾದ ಮೊದಲ ಮೇಲ್ಮನವಿಯನ್ನು ಈಗಲೇ ಬರೆದು ಇಟ್ಟಿದ್ದೇವೆ. ತಾರೀಕಿನ ಜಾಗ ಮಾತ್ರ ಖಾಲಿ ಬಿಟ್ಟಿದೆ.